ಮನೆಗಳಲ್ಲಿ ಅನುಪಯುಕ್ತ ವಸ್ತುಗಳ ಅತಿಸಂಗ್ರಹ: ದುಷ್ಪರಿಣಾಮಗಳು ಮತ್ತು ನಿವಾರಣಾ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ನಮ್ಮ ರಾಜ್ಯದ ಬಹುತೇಕ ಮನೆಗಳಲ್ಲಿ ಅಟ್ಟ, ಸಜ್ಜೆ, ಮಂಚದ ಅಡಿ, ಮೆಟ್ಟಿಲಿನ ಕೆಳಭಾಗ, ಹಿತ್ತಲು ಹಾಗೂ ತಾರಸಿಗಳು ಬಳಕೆಯಲ್ಲಿಲ್ಲದ ಸಾಮಾನುಗಳಿಂದ ತುಂಬಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಕೈ ಮುರಿದ ಕುರ್ಚಿ, ಕೆಟ್ಟುಹೋದ ಮಿಕ್ಸರ್, ಹಳೆಯ ದಿನಪತ್ರಿಕೆಗಳ ಕಟ್ಟು, ಎಣ್ಣೆಯ ಖಾಲಿ ಕ್ಯಾನುಗಳು, ಮಿಠಾಯಿ ಡಬ್ಬಗಳು, ಒಂದು ಚೀಲದ ತುಂಬ ತುರುಕಿಟ್ಟ ಪ್ಲಾಸ್ಟಿಕ್ ಕವರುಗಳು, ಎಂದೋ ಬಂದ ಉಡುಗೊರೆಗಳು ಮುಂತಾದವು ವರ್ಷಗಟ್ಟಲೆ ಇದ್ದಲ್ಲಿಯೇ ಇರುತ್ತವೆ. ಇವುಗಳಲ್ಲಿ ಯಾವುದನ್ನೂ ಇಟ್ಟುಕೊಳ್ಳಬೇಕೆಂದು ಮನೆಯವರು ಕುಳಿತು ತೀರ್ಮಾನಿಸಿರುವುದಿಲ್ಲ; ಹೊರಗೆ ಹಾಕಬೇಕೆಂದೂ ತೀರ್ಮಾನಿಸಿರುವುದಿಲ್ಲ. ತೀರ್ಮಾನವೇ ಆಗದ ವಸ್ತುಗಳ ಒಟ್ಟು ಮೊತ್ತವೇ ಮನೆಯ ಅಟ್ಟದ ರಾಶಿ ಎಂದು ಹೇಳಬಹುದಾಗಿದೆ.

ಆದುದರಿಂದ ಈ ಸಮಸ್ಯೆಯು ಕೇವಲ ಶುಚಿತ್ವದ ಪ್ರಶ್ನೆಯಲ್ಲ. ಎಷ್ಟೇ ಬಾರಿ ಗುಡಿಸಿ ಒರೆಸಿದರೂ, ವಸ್ತುವಿನ ಬಗ್ಗೆ ತೀರ್ಮಾನವಾಗದ ಹೊರತು ಅದು ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಸ್ಥಳಾಂತರಗೊಳ್ಳುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಈ ಹಿನ್ನೆಲೆಯಲ್ಲಿ ಅತಿಸಂಗ್ರಹಕ್ಕೆ ಕಾರಣಗಳು, ಅದರಿಂದಾಗುವ ಅಪಾಯಗಳು, ತೆರವುಗೊಳಿಸುವ ಕ್ರಮಬದ್ಧ ವಿಧಾನ, ಕಾಗದಪತ್ರಗಳ ವಿಂಗಡಣೆ ಹಾಗೂ ಇದು ಕಾಯಿಲೆಯ ರೂಪ ತಾಳಿದಾಗ ಕುಟುಂಬದವರು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಸೂಚನೆ: ಅಗತ್ಯ ವಸ್ತುಗಳ ಅಧಿನಿಯಮ, 1955ರ ವ್ಯಾಪ್ತಿಗೆ ಬರುವ ಆಹಾರಧಾನ್ಯ ಮುಂತಾದವುಗಳ ಅಕ್ರಮ ದಾಸ್ತಾನಿಗೂ ಈ ಲೇಖನಕ್ಕೂ ಸಂಬಂಧವಿರುವುದಿಲ್ಲ. ಇಲ್ಲಿ 'ಅತಿಸಂಗ್ರಹ' ಎಂಬ ಪದವನ್ನು ವಾಸದ ಮನೆಯಲ್ಲಿ ಬೇಡದ ವಸ್ತುಗಳು ಸೇರಿಕೊಳ್ಳುವುದು ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

2. ವಸ್ತುಗಳು ಏಕೆ ಸೇರುತ್ತವೆ?

ವಸ್ತುವನ್ನು ಹಾಳುಮಾಡಬಾರದು ಎಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಉತ್ತಮ ಪದ್ಧತಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರೆ ಗೃಹಿಣಿಯರು ಚೌಕಾಸಿ ಮಾಡಿ ವಿನಿಮಯ ಮಾಡಿಕೊಳ್ಳುತ್ತಿದ್ದರು. 'ಕಸದಿಂದ ರಸ' ಎಂಬ ಮಾತು ಹೀಗೆ ಬಳಕೆಗೆ ಬಂದುದು. ಆದರೆ ಆ ಪದ್ಧತಿಯಲ್ಲಿ ಕಸವು ನಿಜಕ್ಕೂ ರಸವಾಗುತ್ತಿತ್ತು. ಹಳೆಯ ಸೀರೆ ಆ ವರ್ಷವೇ ಕೌದಿಯಾಗುತ್ತಿತ್ತು. ಮುಂದೆಂದೋ ಕೌದಿ ಹೊಲಿಯಬಹುದೆಂದು ಇಪ್ಪತ್ತು ವರ್ಷಗಳ ಕಾಲ ಗಂಟು ಕಟ್ಟಿಡುವುದು ಉಳಿತಾಯವಾಗುವುದಿಲ್ಲ.

ವಸ್ತುಗಳು ಸೇರಿಕೊಳ್ಳಲು ಇರುವ ಪ್ರಮುಖ ಕಾರಣಗಳು ಈ ಕೆಳಕಂಡಂತಿವೆ.

(ಅ) "ಯಾವತ್ತಾದರೂ ಬೇಕಾದೀತು" ಎಂಬ ಭಾವನೆ. ಆ ದಿನ ಬಂದಾಗ ವಸ್ತು ಎಲ್ಲಿದೆಯೆಂಬುದು ತಿಳಿಯದೆ ಹೊಸದನ್ನೇ ಖರೀದಿಸುವ ಸಂದರ್ಭಗಳೇ ಹೆಚ್ಚು.

(ಆ) "ದುಡ್ಡು ಕೊಟ್ಟು ತಂದದ್ದು" ಎಂಬ ಸಂಕಟ. ವಸ್ತುವಿಗೆ ಕೊಟ್ಟ ಹಣವು ಖರೀದಿಸಿದ ದಿನವೇ ವೆಚ್ಚವಾಗಿರುತ್ತದೆ. ಕೆಟ್ಟ ವಸ್ತುವನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಣ ಹಿಂದಿರುಗುವುದಿಲ್ಲ.

(ಇ) ನೆನಪು ಮತ್ತು ಋಣಾನುಬಂಧ. ತೀರಿಕೊಂಡವರ ಬಟ್ಟೆ, ಕನ್ನಡಕ, ಊರುಗೋಲು, ಮಕ್ಕಳ ಮೊದಲ ಪಾಠಪುಸ್ತಕ ಇತ್ಯಾದಿಗಳನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ. ಇದು ಸಹಜವಾದುದು, ಇದಕ್ಕೆ ಪ್ರತ್ಯೇಕ ಕ್ರಮವನ್ನು ಮುಂದೆ ಸೂಚಿಸಲಾಗಿದೆ.

(ಈ) ಸಾಮಾಜಿಕ ಕೊಡುಕೊಳ್ಳುವಿಕೆ. ಮದುವೆ, ಗೃಹಪ್ರವೇಶ, ಸೀಮಂತಗಳಲ್ಲಿ ಬಂದ ಗೋಡೆ ಗಡಿಯಾರ, ಸ್ಟೀಲ್ ತಟ್ಟೆ, ರವಿಕೆ ಕಣಗಳು ಬಳಕೆಯಾಗದೆ ಉಳಿಯುತ್ತವೆ. ಕೊಟ್ಟವರು ಬೇಸರಪಟ್ಟಾರೆಂಬ ಸಂಕೋಚದಿಂದ ಅವುಗಳನ್ನು ವಿಲೇವಾರಿ ಮಾಡುವುದಿಲ್ಲ.

(ಉ) ದೈವಭೀತಿ. ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ, ಗಾಜು ಒಡೆದ ಪಟಗಳನ್ನು ಕಸಕ್ಕೆ ಹಾಕಲು ಯಾರೂ ಮುಂದಾಗುವುದಿಲ್ಲ.

(ಊ) ಸುಲಭ ಖರೀದಿ. ರಿಯಾಯಿತಿ ಮಾರಾಟ ಹಾಗೂ ಮೊಬೈಲ್ ಫೋನಿನ ಮೂಲಕ ಮನೆಬಾಗಿಲಿಗೆ ಬರುವ ಸಾಮಾನುಗಳಿಂದಾಗಿ ವಸ್ತುಗಳು ಒಳಬರುವ ವೇಗವು ಹೊರಹೋಗುವ ವೇಗಕ್ಕಿಂತ ಬಹಳ ಹೆಚ್ಚಾಗಿದೆ.

3. ಅತಿಸಂಗ್ರಹದಿಂದಾಗುವ ಅಪಾಯಗಳು

(1) ಡೆಂಗೀ ಜ್ವರ: ಡೆಂಗೀ ಹಾಗೂ ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯು ಮನೆಯ ಸುತ್ತಮುತ್ತ ನಿಂತ ಶುದ್ಧ ನೀರಿನಲ್ಲಿ ಸಂತಾನೋತ್ಪತ್ತಿ ಮಾಡುತ್ತದೆ. ತಾರಸಿಯ ಮೇಲಿನ ಹಳೆಯ ಟೈರು, ಒಡೆದ ಬಕೆಟ್ಟು, ತೆಂಗಿನ ಚಿಪ್ಪು, ಬಣ್ಣದ ಖಾಲಿ ಡಬ್ಬಗಳು ಇದಕ್ಕೆ ಪ್ರಶಸ್ತವಾದ ಸ್ಥಳಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಈ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಒಣಗಿದ ನಂತರವೂ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಮುಂದಿನ ಮಳೆಗೆ ಮರಿಯಾಗುತ್ತವೆ. ಆದ್ದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು; ಬೇಕಾದ ಪಾತ್ರೆಯನ್ನು ಉಜ್ಜಿ ತೊಳೆದು ಬೋರಲು ಹಾಕಬೇಕು, ಬೇಡದ ವಸ್ತುವನ್ನು ತೆರವುಗೊಳಿಸಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗೀ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ ರೂ. 400 ಹಾಗೂ ಗ್ರಾಮೀಣ ಪ್ರದೇಶದಲ್ಲಿ ರೂ. 200 ದಂಡವನ್ನು ನಿಗದಿಪಡಿಸಿತು.

(2) ಇಲಿ, ಹಾವು ಮತ್ತು ಚೇಳು: ಸೌದೆ, ಹೆಂಚು, ಗೋಣಿಚೀಲ ಮತ್ತು ರದ್ದಿಯ ರಾಶಿಗಳಲ್ಲಿ ಇಲಿಗಳು ಗೂಡು ಕಟ್ಟುತ್ತವೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಇಲಿಯನ್ನು ಅರಸಿ ನಾಗರಹಾವು, ಕೊಳಕುಮಂಡಲ ಮುಂತಾದ ವಿಷಪೂರಿತ ಹಾವುಗಳು ಮನೆಯಂಗಳಕ್ಕೆ ಬರುತ್ತವೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿದೆ. ಹಿತ್ತಲಿನ ರಾಶಿಗೆ ಕೈಹಾಕುವ ಮುನ್ನ ಉದ್ದನೆಯ ಕೋಲಿನಿಂದ ಕದಲಿಸುವುದು, ಕಾಲಿಗೆ ಬೂಟು ಧರಿಸುವುದು ಹಾಗೂ ಹಗಲಿನಲ್ಲಿಯೇ ಈ ಕೆಲಸ ಮಾಡುವುದು ಅತ್ಯವಶ್ಯಕ.

(3) ಬೆಂಕಿ: ಮೀಟರ್ ಬೋರ್ಡಿನ ಕೆಳಗೆ ಪೇರಿಸಿದ ಪತ್ರಿಕೆಗಳು, ಅಡುಗೆ ಅನಿಲದ ಸಿಲಿಂಡರಿನ ಪಕ್ಕದ ಚಿಂದಿಬಟ್ಟೆ, ಸೀಮೆಎಣ್ಣೆ ಅಥವಾ ಬಣ್ಣದ ಥಿನ್ನರ್ ಡಬ್ಬ ಇವು ಸಣ್ಣ ಕಿಡಿಯನ್ನು ದೊಡ್ಡ ಅನಾಹುತವಾಗಿಸುತ್ತವೆ. ಇನ್‌ವರ್ಟರಿನ ಸೀಸ-ಆಮ್ಲ ಬ್ಯಾಟರಿಯು ಚಾರ್ಜ್ ಆಗುವಾಗ ಜಲಜನಕ ಅನಿಲವನ್ನು ಹೊರಬಿಡುವುದರಿಂದ ಅದರ ಸುತ್ತ ಗಾಳಿಯಾಡಲು ಸ್ಥಳವಿರಬೇಕು. ಮುಂಬಾಗಿಲು ಹಾಗೂ ಮೆಟ್ಟಿಲಿನ ಮೇಲೆ ಸಾಮಾನು ತುಂಬಿದ್ದಲ್ಲಿ ಒಳಗಿರುವವರು ಹೊರಬರಲಾಗುವುದಿಲ್ಲ, ಅಗ್ನಿಶಾಮಕ ಸಿಬ್ಬಂದಿ ಒಳಹೋಗಲಾಗುವುದಿಲ್ಲ.

(4) ಹಿರಿಯ ನಾಗರಿಕರ ಬೀಳುವಿಕೆ: ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಇಟ್ಟ ಒಂದು ಸ್ಟೂಲು ಅಥವಾ ಮೂಟೆಯು ವೃದ್ಧರ ಸೊಂಟದ ಮೂಳೆ ಮುರಿತಕ್ಕೆ ಕಾರಣವಾಗಬಹುದು. ಮಂಚದಿಂದ ಶೌಚಾಲಯದವರೆಗೆ ಹಾಗೂ ಮುಂಬಾಗಿಲಿನವರೆಗೆ ಕನಿಷ್ಠ ಮೂರು ಅಡಿ ಅಗಲದ ದಾರಿಯು ಸದಾ ತೆರವಾಗಿರಬೇಕು.

(5) ಆರ್ಥಿಕ ನಷ್ಟ: ವ್ಯಾಪಾರಸ್ಥರು ಮಾರಾಟವಾಗದ ದಾಸ್ತಾನಿಗೂ ಗೋದಾಮಿನ ಬಾಡಿಗೆಯನ್ನು ಲೆಕ್ಕ ಹಾಕುತ್ತಾರೆ. ಇದೇ ಲೆಕ್ಕವನ್ನು ಮನೆಗೂ ಅನ್ವಯಿಸಬಹುದು. ಉದಾಹರಣೆಗೆ, 600 ಚದರ ಅಡಿಯ ಮನೆಗೆ ತಿಂಗಳಿಗೆ ರೂ. 12,000 ಬಾಡಿಗೆ ಎಂದಿಟ್ಟುಕೊಂಡಲ್ಲಿ, ಒಂದು ಚದರ ಅಡಿಗೆ ರೂ. 20 ಆಗುತ್ತದೆ. 60 ಚದರ ಅಡಿಯ ಸಣ್ಣ ಕೋಣೆಯೊಂದು ಬೇಡದ ಸಾಮಾನಿನಿಂದ ತುಂಬಿದ್ದರೆ, ಆ ಸಾಮಾನಿಗಾಗಿ ತಿಂಗಳಿಗೆ ರೂ. 1,200ರಂತೆ ವರ್ಷಕ್ಕೆ ರೂ. 14,400 ಬಾಡಿಗೆಯನ್ನು ತೆತ್ತಂತಾಯಿತು. ಅದೇ ರಾಶಿಗೆ ಗುಜರಿಯವರು ಎಷ್ಟು ಕೊಟ್ಟಾರೆಂಬುದನ್ನು ಪ್ರತಿಯೊಬ್ಬರೂ ಹೋಲಿಸಿ ನೋಡಬಹುದು. ಸ್ವಂತ ಮನೆಯಾದರೂ ಈ ಲೆಕ್ಕವು ಬದಲಾಗುವುದಿಲ್ಲ. ಮಗುವಿನ ಓದಿಗೆ ಅಥವಾ ಹಿರಿಯರ ವಿಶ್ರಾಂತಿಗೆ ದೊರೆಯಬೇಕಾದ ಸ್ಥಳವು ಸಾಮಾನಿನ ಪಾಲಾಗಿರುತ್ತದೆ.

4. ತೆರವುಗೊಳಿಸುವ ಕ್ರಮಬದ್ಧ ವಿಧಾನ

ಯುಗಾದಿ, ಆಯುಧಪೂಜೆ ಮತ್ತು ದೀಪಾವಳಿಯ ಹಿಂದಿನ ದಿನಗಳಲ್ಲಿ ಮನೆಯನ್ನು ಸ್ವಚ್ಛಗೊಳಿಸುವ ಸಂಪ್ರದಾಯ ನಮ್ಮಲ್ಲಿದೆ. ಆದರೆ ಒಂದೇ ದಿನದಲ್ಲಿ ಇಡೀ ಮನೆಯನ್ನು ಹೊರಗೆ ಹರಡಿದಲ್ಲಿ ಸಂಜೆಯ ವೇಳೆಗೆ ಆಯಾಸಗೊಂಡು ಎಲ್ಲವನ್ನೂ ಮರಳಿ ಅಟ್ಟಕ್ಕೆ ಏರಿಸುವುದು ಅನಿವಾರ್ಯವಾಗುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

ಮೊದಲನೆಯದಾಗಿ, ಅಪಾಯದ ಸ್ಥಳಗಳನ್ನು ತೆರವುಗೊಳಿಸಬೇಕು. ಮೀಟರ್ ಬೋರ್ಡು, ಸಿಲಿಂಡರು, ಮುಂಬಾಗಿಲು, ಮೆಟ್ಟಿಲು, ಶೌಚಾಲಯದ ದಾರಿ ಹಾಗೂ ತಾರಸಿಯ ಮೇಲಿನ ನೀರು ನಿಲ್ಲುವ ವಸ್ತುಗಳು ಈ ಹಂತದಲ್ಲಿ ಬರುತ್ತವೆ. ಇಲ್ಲಿ ಭಾವನಾತ್ಮಕ ವಸ್ತುಗಳು ವಿರಳವಾದ್ದರಿಂದ ಮನೆಯವರಲ್ಲಿ ಭಿನ್ನಾಭಿಪ್ರಾಯಕ್ಕೂ ಆಸ್ಪದವಿರುವುದಿಲ್ಲ.

ಎರಡನೆಯದಾಗಿ, ಒಂದು ಬಾರಿಗೆ ಒಂದೇ ಕಪಾಟು ಅಥವಾ ಒಂದೇ ಪೆಟ್ಟಿಗೆಯನ್ನು ತೆಗೆದುಕೊಳ್ಳಬೇಕು. ಪ್ರತಿ ಭಾನುವಾರ ಅರ್ಧ ಗಂಟೆ ಮೀಸಲಿಟ್ಟರೂ ಕೆಲವು ತಿಂಗಳುಗಳಲ್ಲಿ ಇಡೀ ಮನೆ ಮುಗಿಯುತ್ತದೆ.

ಮೂರನೆಯದಾಗಿ, ಅಂಗಡಿಯ ದಾಸ್ತಾನಿನಂತೆ ವಸ್ತುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬೇಕು. ದಿನವೂ ಅಥವಾ ವಾರಕ್ಕೊಮ್ಮೆ ಬಳಸುವವು. ವರ್ಷದಲ್ಲಿ ಒಂದೆರಡು ಬಾರಿ ಬಳಸುವವು, ಅಂದರೆ ಹಬ್ಬದ ಪಾತ್ರೆ, ಗೊಂಬೆಗಳು, ಕಂಬಳಿ, ಛತ್ರಿ ಇತ್ಯಾದಿ. ಕಳೆದ ಎರಡು ವರ್ಷಗಳಲ್ಲಿ ಒಮ್ಮೆಯೂ ಕೈಗೆತ್ತಿಕೊಳ್ಳದವು. ಮೊದಲನೆಯ ವರ್ಗವು ಕೈಗೆಟುಕುವಲ್ಲಿಯೂ, ಎರಡನೆಯದು ಹೆಸರು ಬರೆದ ಚೀಟಿಯೊಂದಿಗೆ ಸಜ್ಜೆಯಲ್ಲಿಯೂ ಇರತಕ್ಕದ್ದು. ಮೂರನೆಯ ವರ್ಗದ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಅಂದೇ ತೀರ್ಮಾನವಾಗಬೇಕು: ದುರಸ್ತಿ, ದಾನ, ಮಾರಾಟ ಅಥವಾ ವಿಲೇವಾರಿ.

ನಾಲ್ಕನೆಯದಾಗಿ, ತೀರ್ಮಾನಿಸಲಾಗದ ವಸ್ತುಗಳಿಗೆ ಒಂದೇ ಒಂದು ಪೆಟ್ಟಿಗೆಯನ್ನು ನಿಗದಿಪಡಿಸಿ, ಅದರ ಮೇಲೆ ಆರು ತಿಂಗಳ ನಂತರದ ದಿನಾಂಕವನ್ನು ಬರೆಯಬೇಕು. ಆ ದಿನಾಂಕದವರೆಗೆ ಪೆಟ್ಟಿಗೆಯನ್ನು ತೆರೆಯುವ ಅಗತ್ಯವೇ ಬಾರದಿದ್ದಲ್ಲಿ ಅದರಲ್ಲಿರುವ ವಸ್ತುಗಳು ಮನೆಗೆ ಬೇಡವಾದವು ಎಂದು ಪರಿಗಣಿಸಬಹುದು. ದುರಸ್ತಿಗೆಂದು ಇಟ್ಟ ವಸ್ತುಗಳಿಗೂ ಒಂದು ತಿಂಗಳ ಗಡುವು ಇರಲಿ.

ಐದನೆಯದಾಗಿ, ನೆನಪಿನ ವಸ್ತುಗಳನ್ನು ಕಡೆಯ ಹಂತದಲ್ಲಿ ತೆಗೆದುಕೊಳ್ಳಬೇಕು. ತೀರಿಕೊಂಡ ತಾಯಿಯ ಮೂವತ್ತು ಸೀರೆಗಳಲ್ಲಿ ಎರಡು ಮೂರನ್ನು ಜೋಪಾನವಾಗಿ ಇಟ್ಟುಕೊಂಡು, ಉಳಿದವನ್ನು ಸೊಸೆಯಂದಿರು, ಹೆಣ್ಣುಮಕ್ಕಳು, ಬಂಧುಗಳು ಹಂಚಿಕೊಂಡು ಉಡುವುದು ಗೌರವಯುತವಾದ ಮಾರ್ಗ. ಗಂಟಿನಲ್ಲಿ ನುಸಿ ತಿನ್ನುವುದಕ್ಕಿಂತ ಒಬ್ಬರ ಮೈಮೇಲೆ ಇರುವುದು ಮೇಲು.

ಆರನೆಯದಾಗಿ, ಬಾಗಿಲಿನಲ್ಲಿಯೇ ನಿಯಂತ್ರಣವಿರಬೇಕು. ಹೊಸ ವಸ್ತು ಒಳಬರುವ ಮುನ್ನ ಅದಕ್ಕೆ ಸ್ಥಳ ಯಾವುದು, ಅದರ ಬದಲಿಗೆ ಹೊರಹೋಗುವ ವಸ್ತು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರಕಿರಬೇಕು. ಹೊಸ ಪ್ರೆಶರ್ ಕುಕ್ಕರ್ ಬಂದ ದಿನ ಹಳೆಯದು ಅಟ್ಟ ಏರಬಾರದು. ಇದೊಂದು ಕ್ರಮವನ್ನು ಪಾಲಿಸಿದರೆ ಮೇಲಿನ ಕ್ರಮಗಳನ್ನು ಪದೇ ಪದೇ ಕೈಗೊಳ್ಳುವ ಅಗತ್ಯವಿರುವುದಿಲ್ಲ.

5. ಕಾಗದಪತ್ರಗಳ ವಿಂಗಡಣೆ

ಅತಿಸಂಗ್ರಹದ ಮನೆಗಳಲ್ಲಿ ಅತ್ಯಂತ ಜಾಗರೂಕತೆಯಿಂದ ನಿರ್ವಹಿಸಬೇಕಾದುದು ಕಾಗದಪತ್ರಗಳನ್ನು. ರದ್ದಿಯ ನಡುವೆ ಕ್ರಯಪತ್ರವೂ, ಹತ್ತು ವರ್ಷದ ಹಿಂದಿನ ವಿದ್ಯುತ್ ಬಿಲ್ಲುಗಳ ನಡುವೆ ವಿಮಾ ಪಾಲಿಸಿಯೂ ಸೇರಿರುವ ಸಾಧ್ಯತೆ ಇರುತ್ತದೆ. ಹಾಳೆಗಳನ್ನು ಒಂದೊಂದಾಗಿ ನೋಡದೆ ಯಾವ ಕಟ್ಟನ್ನೂ ತೂಕಕ್ಕೆ ಹಾಕಬಾರದು. ವಿಂಗಡಣೆಗೆ ಈ ಕೆಳಗಿನ ವಿಧಾನವನ್ನು ಅನುಸರಿಸಬಹುದು.

ಶಾಶ್ವತವಾಗಿ ಇಡಬೇಕಾದವು: ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನ, ಹಿಂದಿನ ಮಾಲೀಕರಿಂದ ಬಂದ ಮೂಲಪತ್ರಗಳು, ಖಾತೆ, ಜನನ, ಮರಣ ಹಾಗೂ ವಿವಾಹ ನೋಂದಣಿ ಪತ್ರಗಳು, ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಸೇವಾ ದಾಖಲೆ ಮತ್ತು ಪಿಂಚಣಿ ಆದೇಶ.

ವ್ಯವಹಾರ ಮುಗಿಯುವವರೆಗೆ ಇಡಬೇಕಾದವು: ಸಾಲದ ಪತ್ರಗಳು (ಸಾಲ ತೀರಿದ ಬಗ್ಗೆ ಬ್ಯಾಂಕು ನೀಡುವ ಋಣಮುಕ್ತ ಪತ್ರವನ್ನು ಮಾತ್ರ ಶಾಶ್ವತವಾಗಿ ಇಡತಕ್ಕದ್ದು), ವಿಮಾ ಪಾಲಿಸಿ, ಠೇವಣಿ ರಸೀದಿ, ವಾರಂಟಿ ಕಾರ್ಡು, ಬಾಡಿಗೆ ಕರಾರು.

ಕೆಲವು ವರ್ಷ ಇಡಬೇಕಾದವು: ಆದಾಯ ತೆರಿಗೆ ವಿವರಣೆ ಹಾಗೂ ಪೂರಕ ದಾಖಲೆಗಳನ್ನು ಎಂಟು ವರ್ಷಗಳವರೆಗೆ ಇಟ್ಟುಕೊಳ್ಳುವುದು ಸುರಕ್ಷಿತ. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತರಾದ ಸಣ್ಣ ವ್ಯಾಪಾರಸ್ಥರು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಇಡಬೇಕಾಗುತ್ತದೆ. ಮನೆ ಕಂದಾಯದ ರಸೀದಿಗಳನ್ನು ಮಾರಾಟ ಅಥವಾ ಖಾತೆ ಬದಲಾವಣೆಯ ಸಂದರ್ಭಕ್ಕಾಗಿ ಕಾಯ್ದಿಡುವುದು ಉತ್ತಮ.

ಒಂದು ವರ್ಷದ ನಂತರ ಬೇಡವಾಗುವವು: ಪಾವತಿಯಾದ ವಿದ್ಯುತ್, ನೀರು, ದೂರವಾಣಿ ಬಿಲ್ಲುಗಳು, ದಿನಸಿ ಚೀಟಿಗಳು, ಎ.ಟಿ.ಎಂ. ಚೀಟಿಗಳು.

ಹಳೆಯ ಟ್ರಂಕುಗಳಲ್ಲಿ ಹಿರಿಯರ ಹೆಸರಿನ ಪಾಸ್‌ಬುಕ್ಕು ಅಥವಾ ಷೇರು ಪತ್ರ ದೊರೆತಲ್ಲಿ ಅವುಗಳನ್ನು ನಿರರ್ಥಕವೆಂದು ಭಾವಿಸಬಾರದು. ಹತ್ತು ವರ್ಷ ವಹಿವಾಟಿಲ್ಲದ ಬ್ಯಾಂಕ್ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸಲಾಗುತ್ತದೆಯಾದರೂ, ಠೇವಣಿದಾರರು ಅಥವಾ ಅವರ ವಾರಸುದಾರರು ಸಂಬಂಧಪಟ್ಟ ಬ್ಯಾಂಕಿನ ಮೂಲಕ ಅದನ್ನು ಮರಳಿ ಪಡೆಯಬಹುದು. ಇಂತಹ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ 'ಉದ್ಗಮ್' ಎಂಬ ಅಂತರಜಾಲ ತಾಣವನ್ನು ಆರಂಭಿಸಿದೆ. ಏಳು ವರ್ಷ ಲಾಭಾಂಶ ಪಡೆಯದ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿ ಪ್ರಾಧಿಕಾರಕ್ಕೆ ಹೋಗುತ್ತವೆ. ಅವುಗಳಿಗೂ ವಾರಸುದಾರರು ಹಕ್ಕು ಸಲ್ಲಿಸಬಹುದು. 2016ರ ನವೆಂಬರ್‌ನಲ್ಲಿ ರದ್ದಾದ ರೂ. 500 ಮತ್ತು ರೂ. 1,000ರ ಹಳೆಯ ನೋಟುಗಳು ದೊರೆತಲ್ಲಿ ಅವುಗಳಿಗೆ ಮೌಲ್ಯವಿರುವುದಿಲ್ಲ. 2017ರ ಕಾಯ್ದೆಯ ಪ್ರಕಾರ ಅಂತಹ ಹತ್ತಕ್ಕಿಂತ ಹೆಚ್ಚು ನೋಟುಗಳನ್ನು ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ ಎಂಬುದನ್ನು ಗಮನಿಸಬೇಕು.

ಅಂತೆಯೇ ಹಳೆಯ ಮನೆಗಳ ಅಟ್ಟದಲ್ಲಿ ತಾಳೆಗರಿ ಕಟ್ಟುಗಳು, ಬಟ್ಟೆಯ ಕಡತಗಳು, ಕೈಬರಹದ ಪುಸ್ತಕಗಳು ದೊರೆಯುವುದುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಹೊರಜಗತ್ತಿಗೆ ತಿಳಿದುದು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಒಂದು ತಾಳೆಗರಿ ಪ್ರತಿಯಿಂದ, ಅದನ್ನು ಆರ್. ಶಾಮಶಾಸ್ತ್ರಿಯವರು 1909ರಲ್ಲಿ ಮುದ್ರಿಸಿ ಪ್ರಕಟಿಸಿದರು. 75 ವರ್ಷಗಳಿಗಿಂತ ಹಳೆಯದಾದ, ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಗೆ ಒಳಪಡುತ್ತವೆ. ಆದ್ದರಿಂದ ಓದಲು ಬಾರದ ಲಿಪಿಯ ಕಟ್ಟು ದೊರೆತಲ್ಲಿ ಅದನ್ನು ಸುಡದೆ, ನೀರಿಗೆ ಬಿಡದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಸಮೀಪದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಅಥವಾ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸುವುದು ಸೂಕ್ತ.

ಆಧಾರ್ ನಕಲು, ಬ್ಯಾಂಕ್ ವಿವರ, ಸಹಿ ಇರುವ ಹಾಳೆಗಳನ್ನು ಚೂರು ಮಾಡಿದ ನಂತರವೇ ರದ್ದಿಗೆ ಹಾಕಬೇಕು.

6. ತೆರವುಗೊಳಿಸಿದ ವಸ್ತುಗಳ ವಿಲೇವಾರಿ

ಮನೆಯಿಂದ ಹೊರಹೋದ ವಸ್ತು ರಸ್ತೆಬದಿಗೆ, ರಾಜಕಾಲುವೆಗೆ ಅಥವಾ ಖಾಲಿ ನಿವೇಶನಕ್ಕೆ ಸೇರಿದಲ್ಲಿ ಸಮಸ್ಯೆಯು ನೆರೆಹೊರೆಯವರಿಗೆ ವರ್ಗಾವಣೆಯಾಯಿತೇ ಹೊರತು ಬಗೆಹರಿದಂತಾಗುವುದಿಲ್ಲ. ಮೂಲದಲ್ಲಿಯೇ ಕಸವನ್ನು ವಿಂಗಡಿಸಿ ಕೊಡುವುದು ಪ್ರತಿಯೊಂದು ಮನೆಯ ಕಾನೂನುಬದ್ಧ ಹೊಣೆ. ಬೆಂಗಳೂರು ನಗರದಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ, ನೈರ್ಮಲ್ಯ ಮತ್ತು ಇತರೆ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಎಂಬ 'ಎರಡು ಡಬ್ಬ, ಒಂದು ಚೀಲ' ಪದ್ಧತಿಯನ್ನು ಮಾನ್ಯ ಉಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿ ಕಡ್ಡಾಯಗೊಳಿಸಿತು.

ಬಟ್ಟೆ ಮತ್ತು ಪುಸ್ತಕ: ಹರಿಯದ, ಒಗೆದು ಮಡಿಸಿದ ಬಟ್ಟೆಗಳನ್ನು ಮಾತ್ರ ದಾನ ಮಾಡಬೇಕು. ತಾವು ಉಡಲು ಹಿಂಜರಿಯುವ ಬಟ್ಟೆಯನ್ನು ಪರರಿಗೆ ನೀಡುವುದು ದಾನವೆನಿಸುವುದಿಲ್ಲ. ಅಂತಹವು ಒರೆಸುಬಟ್ಟೆಗೆ ಯೋಗ್ಯ. ಪಠ್ಯಪುಸ್ತಕಗಳನ್ನು ಶಾಲಾ ವರ್ಷ ಮುಗಿದ ಕೂಡಲೇ ಕೊಟ್ಟಲ್ಲಿ ಮಾತ್ರ ಮುಂದಿನ ವಿದ್ಯಾರ್ಥಿಗೆ ಉಪಯೋಗವಾಗುತ್ತದೆ.

ವಿದ್ಯುನ್ಮಾನ ತ್ಯಾಜ್ಯ: ಹಳೆಯ ಮೊಬೈಲ್, ದೂರದರ್ಶನ, ಗಣಕಯಂತ್ರ, ಚಾರ್ಜರುಗಳನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ಅಥವಾ ತಯಾರಕರ ಸಂಗ್ರಹ ಕೇಂದ್ರಗಳಿಗೆ ತಲುಪಿಸಬೇಕು. ಕೊಡುವ ಮುನ್ನ ಮೊಬೈಲಿನಲ್ಲಿರುವ ಮಾಹಿತಿಯನ್ನು ಅಳಿಸಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲೀ ಒತ್ತುವುದಾಗಲೀ ಅಪಾಯಕರ.

ಮನೆಯ ಅಪಾಯಕಾರಿ ತ್ಯಾಜ್ಯ: ಅವಧಿ ಮೀರಿದ ಔಷಧ, ಸೂಜಿ, ಟ್ಯೂಬ್‌ಲೈಟ್, ಸಿ.ಎಫ್.ಎಲ್. ಬಲ್ಬು, ಪಾದರಸದ ಥರ್ಮಾಮೀಟರ್, ಕೀಟನಾಶಕದ ಡಬ್ಬಗಳನ್ನು ಪ್ರತ್ಯೇಕವಾಗಿ ಸುತ್ತಿ, ಗುರುತು ಹಾಕಿ ಸ್ಥಳೀಯ ಸಂಸ್ಥೆಯ ಸಿಬ್ಬಂದಿಗೆ ನೀಡಬೇಕು. ಬಿಡಿಯಾಗಿ ಹಾಕಿದ ಸೂಜಿ ಮತ್ತು ಗಾಜು ಪೌರಕಾರ್ಮಿಕರ ಕೈಯನ್ನು ಗಾಯಗೊಳಿಸುತ್ತವೆ.

ದೇವರ ಪಟಗಳು: ಹಳೆಯ ಪಟಗಳನ್ನು ಅಶ್ವತ್ಥಕಟ್ಟೆಯ ಬಳಿ ಇಟ್ಟುಬರುವುದು ಅಥವಾ ಕೆರೆಗೆ ಬಿಡುವುದು ಹಲವೆಡೆ ರೂಢಿಯಲ್ಲಿದೆ. ಕಟ್ಟೆಯ ಬುಡದಲ್ಲಿ ಗಾಜು ಒಡೆದು ಮಕ್ಕಳಿಗೂ ಜಾನುವಾರುಗಳಿಗೂ ಗಾಯವಾಗುತ್ತದೆ. ದೇವರ ಚಿತ್ರವೂ ಕಾಲ್ತುಳಿತಕ್ಕೆ ಸಿಗುತ್ತದೆ. ಗಾಜು ಮತ್ತು ಚೌಕಟ್ಟನ್ನು ಬೇರ್ಪಡಿಸಿ ಒಣ ಕಸಕ್ಕೆ ನೀಡಿ, ಕಾಗದದ ಚಿತ್ರವನ್ನು ನೀರಿನಲ್ಲಿ ನೆನೆಸಿ ಕರಗಿಸಿ ಹೂಗಿಡದ ಬುಡದ ಮಣ್ಣಿನಲ್ಲಿ ಸೇರಿಸುವುದು ಭಕ್ತಿಗೂ ಶುಚಿತ್ವಕ್ಕೂ ಒಪ್ಪುವ ಮಾರ್ಗ.

ಯಾವುದೇ ಕಾರಣಕ್ಕೂ ಪ್ಲಾಸ್ಟಿಕ್, ರಬ್ಬರು, ತಂತಿಗಳನ್ನು ಬಯಲಿನಲ್ಲಿ ಸುಡತಕ್ಕದ್ದಲ್ಲ.

7. ಅತಿಸಂಗ್ರಹವು ಕಾಯಿಲೆಯಾದಾಗ

ಮೇಲೆ ವಿವರಿಸಿದುದು ಸಾಮಾನ್ಯ ಕುಟುಂಬಗಳ ಸ್ಥಿತಿ. ಆದರೆ ಕೆಲವರಲ್ಲಿ ವಸ್ತುಗಳನ್ನು ಬಿಡಲಾಗದಿರುವುದು ಒಂದು ಮಾನಸಿಕ ಕಾಯಿಲೆಯಾಗಿರುತ್ತದೆ. 'ಹೋರ್ಡಿಂಗ್ ಡಿಸಾರ್ಡರ್' ಎಂದು ವೈದ್ಯರು ಕರೆಯುವ ಇದನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದು ಪರಿಗಣಿಸಲಾಯಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿಯೂ ಇದು ಸೇರಿದೆ. ಇದು ಸೋಮಾರಿತನವೂ ಅಲ್ಲ, ಜಿಪುಣತನವೂ ಅಲ್ಲ.

ಅಂಚೆಚೀಟಿ ಅಥವಾ ನಾಣ್ಯ ಸಂಗ್ರಾಹಕರು ತಮ್ಮ ವಸ್ತುಗಳನ್ನು ಜೋಡಿಸಿ, ಪಟ್ಟಿ ಮಾಡಿ, ಇತರರಿಗೆ ತೋರಿಸುತ್ತಾರೆ. ಕಾಯಿಲೆ ಇರುವವರ ಮನೆಯಲ್ಲಿ ಈ ಕೆಳಗಿನ ಲಕ್ಷಣಗಳು ಕಂಡುಬರುತ್ತವೆ.

(ಅ) ಇತರರ ದೃಷ್ಟಿಯಲ್ಲಿ ಬೆಲೆಯಿಲ್ಲದ ವಸ್ತುವನ್ನೂ ಬಿಡಲಾಗದೆ ತೀವ್ರ ಸಂಕಟಪಡುವುದು.
(ಆ) ಮಂಚದ ಮೇಲೆ ಮಲಗಲು, ಒಲೆಯಲ್ಲಿ ಅಡುಗೆ ಮಾಡಲು, ಸ್ನಾನದ ಮನೆಯನ್ನು ಬಳಸಲು ಸಾಧ್ಯವಾಗದಷ್ಟು ಸಾಮಾನು ತುಂಬಿರುವುದು.
(ಇ) ನೆಂಟರಿಷ್ಟರನ್ನು, ದುರಸ್ತಿಗೆ ಬಂದವರನ್ನು ಒಳಗೆ ಬಿಡದಿರುವುದು.
(ಈ) ಯಾರಾದರೂ ಮುಟ್ಟಿದರೆ ಕೋಪ ಅಥವಾ ಭಯಕ್ಕೆ ಒಳಗಾಗುವುದು.

ಈ ಪ್ರವೃತ್ತಿಯು ಹಲವರಲ್ಲಿ ಹರೆಯದಲ್ಲಿಯೇ ಆರಂಭವಾಗಿ, ವಯಸ್ಸಾದಂತೆ ಹೆಚ್ಚಾಗುತ್ತ ಹೋಗುತ್ತದೆ. ಸಂಗಾತಿಯ ಮರಣ, ನಿವೃತ್ತಿ, ಒಂಟಿತನಗಳು ಇದನ್ನು ಉಲ್ಬಣಗೊಳಿಸಬಹುದು. ಈ ಹಿಂದೆ ಅಚ್ಚುಕಟ್ಟಾಗಿದ್ದ ಹಿರಿಯರು ಇದ್ದಕ್ಕಿದ್ದಂತೆ ಕಸ ಕೂಡಿಡಲು ಆರಂಭಿಸಿದಲ್ಲಿ ಅದು ಮರೆವಿನ ಕಾಯಿಲೆ ಅಥವಾ ಖಿನ್ನತೆಯ ಲಕ್ಷಣವಾಗಿರುವ ಸಾಧ್ಯತೆಯಿದ್ದು, ವೈದ್ಯರಿಗೆ ತೋರಿಸಲು ವಿಳಂಬ ಮಾಡಬಾರದು.

ಈ ಕಾಯಿಲೆಯು ಎಷ್ಟು ಗಂಭೀರವಾಗಬಹುದೆಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ನಗರದ ಕಾಲಿಯರ್ ಸಹೋದರರ ಪ್ರಕರಣವನ್ನು ಉದಾಹರಿಸಬಹುದು. 1947ರಲ್ಲಿ ಹೋಮರ್ ಮತ್ತು ಲ್ಯಾಂಗ್ಲಿ ಎಂಬ ಈ ಅಣ್ಣತಮ್ಮಂದಿರು ತಮ್ಮ ಮನೆಯಲ್ಲಿಯೇ ಮೃತರಾಗಿ ಕಂಡುಬಂದರು. ರಾಶಿಯ ಕೆಳಗೆ ಸಿಲುಕಿ ತಮ್ಮನು ಮೊದಲು ಮೃತಪಟ್ಟಿದ್ದು, ಅವನನ್ನೇ ಅವಲಂಬಿಸಿದ್ದ ದೃಷ್ಟಿಹೀನ ಅಣ್ಣನು ಅನ್ನವಿಲ್ಲದೆ ತೀರಿಕೊಂಡಿದ್ದನು. ಮನೆಯಿಂದ ನೂರು ಟನ್ನಿಗೂ ಮಿಕ್ಕಿ ಸಾಮಾನನ್ನು ಹೊರಹಾಕಲಾಯಿತು. ಅಣ್ಣನ ಶವವಿದ್ದ ಸ್ಥಳದಿಂದ ಕೆಲವೇ ಅಡಿ ದೂರದಲ್ಲಿದ್ದ ತಮ್ಮನ ಶವವು ದೊರೆಯಲು ಎರಡು ವಾರಗಳಿಗೂ ಹೆಚ್ಚು ಕಾಲ ಹಿಡಿಯಿತು.

8. ಕುಟುಂಬದವರು ಅನುಸರಿಸಬೇಕಾದ ಕ್ರಮ

ತಂದೆ ತಾಯಿ ಊರಿಗೆ ಹೋದಾಗ ಮಕ್ಕಳು ಸೇರಿ ಮನೆಯನ್ನು ಖಾಲಿ ಮಾಡಿಸುವುದು ಸದುದ್ದೇಶದ ಕ್ರಮವಾದರೂ ಫಲಕಾರಿಯಲ್ಲ. ಹಾಗೆ ಬಲವಂತವಾಗಿ ತೆರವುಗೊಳಿಸಿದ ಮನೆಗಳಲ್ಲಿ ಸಾಮಾನು ಪುನಃ ತುಂಬಿಕೊಳ್ಳುವುದಲ್ಲದೆ, ಹಿರಿಯರಿಗೆ ಮಕ್ಕಳ ಮೇಲಿನ ವಿಶ್ವಾಸವೂ ಹೊರಟುಹೋಗುತ್ತದೆ. ವಸ್ತುವಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಹಕ್ಕು ಅದರ ಒಡೆಯರದು ಎಂಬುದನ್ನು ಮರೆಯಬಾರದು. ಕುಟುಂಬದವರು ಈ ಕೆಳಗಿನಂತೆ ನಡೆದುಕೊಳ್ಳಬಹುದು.

– "ಕಸ", "ಹುಚ್ಚು" ಎಂಬ ಮಾತುಗಳನ್ನು ಬಳಸದೆ, "ಅಮ್ಮಾ, ರಾತ್ರಿ ನೀವು ಎಡವಿ ಬೀಳಬಾರದಲ್ಲವೇ, ಈ ದಾರಿಯೊಂದನ್ನು ಬಿಡಿಸೋಣ" ಎಂದು ಸುರಕ್ಷತೆಯಿಂದ ಮಾತು ಆರಂಭಿಸುವುದು.
– ಅವರ ಸಮ್ಮುಖದಲ್ಲಿಯೇ, ಅವರ ಒಪ್ಪಿಗೆ ಪಡೆದು, ದಿನಕ್ಕೆ ಕೆಲವೇ ವಸ್ತುಗಳನ್ನು ತೆಗೆಯುವುದು.
– ಕೊಡುವ ವಸ್ತು ಯಾರಿಗೆ ಉಪಯೋಗವಾಗುತ್ತದೆ ಎಂಬುದನ್ನು ತಿಳಿಸುವುದು. ವ್ಯರ್ಥವಾಗುವುದಿಲ್ಲ ಎಂಬ ಭರವಸೆ ದೊರೆತಲ್ಲಿ ಹಲವರು ತಾವಾಗಿಯೇ ಮುಂದಾಗುತ್ತಾರೆ.
– ಹೊಸದಾಗಿ ಸೇರುವುದನ್ನು ಕಡಿಮೆ ಮಾಡಲು ಮೊದಲ ಆದ್ಯತೆ ನೀಡುವುದು.

ಇದಕ್ಕೆ ಮಾತಿನ ಮೂಲಕ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯು ಪ್ರಮುಖವಾದುದು. ಜೊತೆಯಲ್ಲಿ ಖಿನ್ನತೆ ಅಥವಾ ಆತಂಕವಿದ್ದಲ್ಲಿ ಔಷಧವೂ ಬೇಕಾಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಚಿಕಿತ್ಸೆ ಪಡೆಯಬಹುದಾಗಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯು ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೂ ಸಲಹೆ ನೀಡುತ್ತದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಅನ್ವಯ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಹಾಗೂ ತಮ್ಮ ಕಾಯಿಲೆಯ ಮಾಹಿತಿಯನ್ನು ಗೌಪ್ಯವಾಗಿಡುವುದು ನಾಗರಿಕರ ಹಕ್ಕಾಗಿರುತ್ತದೆ.

9. ಉಪಯುಕ್ತ ದೂರವಾಣಿ ಸಂಖ್ಯೆಗಳು

ಟೆಲಿ-ಮಾನಸ್ (ಮಾನಸಿಕ ಆರೋಗ್ಯ): 14416
ಹಿರಿಯ ನಾಗರಿಕರ ಸಹಾಯವಾಣಿ: 14567
ತುರ್ತು ಸೇವೆ: 112
ಅಗ್ನಿಶಾಮಕ: 101
ಅಡುಗೆ ಅನಿಲ ಸೋರಿಕೆ: 1906

10. ಉಪಸಂಹಾರ

ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಬಿಡುವುದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. ಜೈನಧರ್ಮದ ಅಪರಿಗ್ರಹ ವ್ರತವೂ, ಶರಣರ ದಾಸೋಹ ತತ್ತ್ವವೂ ಇದನ್ನೇ ಬೋಧಿಸಿವೆ. ಮನೆಯನ್ನು ಬರಿದು ಮಾಡುವುದು ಇಲ್ಲಿನ ಉದ್ದೇಶವಲ್ಲ. ಪ್ರತಿಯೊಂದು ವಸ್ತುವೂ ಮನೆಯವರ ತೀರ್ಮಾನದಿಂದ ಮನೆಯಲ್ಲಿರಬೇಕು ಎಂಬುದಷ್ಟೇ ಉದ್ದೇಶ.

ಆದ್ದರಿಂದ ಸಾರ್ವಜನಿಕರು ಮುಂದಿನ ಹಬ್ಬದವರೆಗೆ ಕಾಯದೆ, ಈ ವಾರವೇ ಮೀಟರ್ ಬೋರ್ಡಿನ ಕೆಳಭಾಗ, ತಾರಸಿ ಹಾಗೂ ಹಿರಿಯರು ಓಡಾಡುವ ದಾರಿ, ಈ ಮೂರು ಸ್ಥಳಗಳನ್ನು ಪರಿಶೀಲಿಸಿ ತೆರವುಗೊಳಿಸಲು ಕೋರಲಾಗಿದೆ.